ಹೊಳೆಯ ವಿಮಾನದ ತೂಕದ ಚೀಟಿ

"ಹರಕಿ ಹೊತ್ತ ಹುಡುಗಗ ನನ್ನ ಮಗಳನ್ನ ಕೊಡಂಗಿಲ್ಲ!"

ಅಪ್ಪ ಪತ್ರವನ್ನು ಜಂತಿಗೆ ಸಿಕ್ಕಿಸಿಬಿಟ್ಟ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಹೋಯಿತು.

ಅದು ಮೂವತ್ತೇಳನೇ ಇಸವಿ. ಪತ್ರ ಬಂದದ್ದು ರಂಗೂನಿನಿಂದ, ಬರೆದವರು ಅಕ್ಕಿಆಲೂರಿನ ಅಕ್ಕಿ ಮಿಲ್ಲಿನ ಕರಿಬಸಪ್ಪ. ದೀಪಾವಳಿಗೆ ಮುಂಚೆ ನಮ್ಮ ಅಬಲೂರಿಗೆ ನನ್ನನ್ನು ನೋಡಲು ಬಂದಿದ್ದರು. ಅವಲಕ್ಕಿ ತಟ್ಟೆ ಕೊಡುವಾಗ ನಾನು ಕದ್ದು ತಲೆ ಎತ್ತಿದೆ, ಅವರೂ ಎತ್ತಿದರು. ಇಬ್ಬರೂ ಸಿಕ್ಕಿಬಿದ್ದೆವು! ಮಾತು ಮುಗಿದಿತ್ತು, ನಿಶ್ಚಯದ ವೀಳ್ಯವೊಂದು ಬಾಕಿ. ಅಷ್ಟರಲ್ಲಿ ಅವರು ಅಲ್ಲಿನ ಮಿಲ್ಲುಗಳನ್ನು ನೋಡಿ ಬರಲು ಮದ್ರಾಸಿನಲ್ಲಿ ಹಡಗು ಹತ್ತಿ ಬರ್ಮಾಕ್ಕೆ ಹೋದರು.

ಪತ್ರದಲ್ಲಿ ಹೀಗಿತ್ತು: "ರಂಗೂನಿನಿಂದ ಮಂಡಾಲೆಗೆ ವಿಮಾನದಲ್ಲಿ ಹೋದೆ. ಇಲ್ಲಿ ವಿಮಾನ ನಿಲ್ದಾಣವೆಂದರೆ ಹೊಳೆಯೇ. ವಿಮಾನ ದೋಣಿಯ ಹಾಗೆ ನೀರಿನ ಮೇಲೆ ನಿಂತಿರುತ್ತದೆ. ಹತ್ತುವ ಮೊದಲು ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದರು."

ಅಪ್ಪನಿಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ, ಸ್ವಾಮಿಗಳನ್ನು ಬಿಟ್ಟರೆ, ಮನುಷ್ಯರನ್ನು ತಕ್ಕಡಿ ಹತ್ತಿಸುವುದು ಹರಕೆಯ ತುಲಾಭಾರಕ್ಕೆ ಮಾತ್ರ. ಸಾಯುವಂಥ ಬೇನೆ ಬಂದಾಗ ಹರಕೆ ಹೊರುತ್ತಾರೆ, ಬದುಕಿದರೆ ಬೆಲ್ಲದಲ್ಲೋ ಕೊಬ್ಬರಿಯಲ್ಲೋ ತೂಗಿಸುತ್ತಾರೆ.

"ಬಸ್ಸು ಹತ್ತುವಾಗ ಯಾರರ ತೂಗ್ತಾರೇನು? ಏನೋ ಬ್ಯಾನಿ ಮುಚ್ಚಾಕತ್ತಾನ" ಅಂದ ಅಪ್ಪ.

ಸುಮ್ಮನಿರಬಾರದೇ ನಮ್ಮ ಗುಡ್ಡಪ್ಪ ಮಾವ? ಕೆಲವು ವಾರ ಬಿಟ್ಟು ಓಡಿ ಬಂದ. "ಕರಿಬಸಪ್ಪನ್ನ ಯಲವಿಗಿ ಸ್ಟೇಶನ್‌ದಾಗ ನೋಡ್ದೆ. ಅಂಥಾ ಮಿಲ್ಲಿನ ಮಾಲಕ, ಬರಿಗಾಲಿಲೆ ಇಳದ!"

ತುಲಾಭಾರ, ಅದರ ಮೇಲೆ ಬರಿಗಾಲು. ಹರಕೆ ಪಕ್ಕಾ ಆಯಿತು! ಅಪ್ಪ ಒಲ್ಲೆ ಎಂದು ಹೇಳಿ ಕಳಿಸಿಯೇಬಿಟ್ಟ. ನನ್ನನ್ನು ಕೇಳಿದವರು ಯಾರು? ಹದಿನೈದು ದಿನ ನನ್ನ ರೊಟ್ಟಿಗಳೆಲ್ಲ ಸೀದವು. ಅಪ್ಪ ಕರಕು ಕೆರೆದು ಕೆರೆದು ತಿಂದ.

ಹದಿನಾರನೆಯ ದಿನ ಅಪ್ಪ ಅಕ್ಕಿಆಲೂರಿನ ಸಂತೆಗೆ ಹೊರಟಾಗ ನಾನೂ ಹಟ ಮಾಡಿ ಚಕ್ಕಡಿ ಹತ್ತಿದೆ. ಇಳಿದವಳೇ ಮಿಲ್ಲಿನ ಕಡೆ ಹೊರಟೆ.

"ಹಾಲವ್ವಾ, ಎಲ್ಲಿಗೆ?"

"ನಾ ಒಮ್ಮೆ ಕೇಳೇ ಕೇಳ್ತೇನಿ, ಅಪ್ಪಾ."

ಬಾಗಿಲಲ್ಲಿ ಚೀಲ ತೂಗಿಸುತ್ತಿದ್ದ ಕರಿಬಸಪ್ಪ ನನ್ನನ್ನು ಕಂಡು ಕೈಯಲ್ಲಿದ್ದ ಅಕ್ಕಿಯನ್ನೆಲ್ಲ ಚೆಲ್ಲಿದರು. ಮುಖ ಸಣ್ಣಗಾಗಿತ್ತು. ಕಣ್ಣು ಮಾತ್ರ ಅವಲಕ್ಕಿ ತಟ್ಟೆಯ ದಿನದವೇ. ನಾನು ನೇರ ಎದುರು ಹೋಗಿ ನಿಂತೆ.

"ನಿಮಗೇನ ಬ್ಯಾನಿ ಆಗಿತ್ರಿ? ಖರೇ ಹೇಳ್ರಿ."

"ನನಗ? ಏನೂ ಇಲ್ಲಲ್ರಿ!"

"ಮತ್ತ ತುಲಾಭಾರ ಯಾಕ ಮಾಡ್ಸಿದ್ರಿ?"

ಒಂದು ಗಳಿಗೆ ಪಿಳಿಪಿಳಿ ನೋಡಿದರು. ಆಮೇಲೆ ಹಮಾಲರೆಲ್ಲ ತಿರುಗಿ ನೋಡುವಂತೆ ನಕ್ಕರು.

"ಅಯ್ಯ ಶಿವನ! ಅದು ತುಲಾಭಾರ ಅಲ್ರಿ. ಆ ವಿಮಾನ ನಮ್ಮ ಚಕ್ಕಡಿಗಿಂತ ಒಂಚೂರು ದೊಡ್ಡದು. ಮಂದಿ, ಸಾಮಾನು ಕೂಡಿ ಭಾರ ಹೆಚ್ಚಾತಂದ್ರ ನೀರು ಬಿಟ್ಟು ಏಳಂಗಿಲ್ಲ. ಸಾಹೇಬ ಬಂದ್ರೂ ತಕ್ಕಡಿ ಹತ್ತಬೇಕು."

"ಬರಿಗಾಲು?" ಹಿಂದಿನಿಂದ ಅಪ್ಪನ ದನಿ.

ಕರಿಬಸಪ್ಪನ ಕಿವಿ ಕೆಂಪಾದವು. ಒಳಗೆ ಹೋಗಿ ತೇಗದ ಒಂದು ಪೆಟ್ಟಿಗೆ ತಂದು ನನ್ನ ಕೈಗಿತ್ತರು. ಮುಚ್ಚಳದ ಒಳಗೆ ಕನ್ನಡಿ.

"ಮಂಡಾಲೆಯೊಳಗ ಇದನ್ನ ಕೊಂಡೆ. ತಿರುಗಿ ವಿಮಾನ ಹತ್ತೋವಾಗ, ಭಾರ ಹೆಚ್ಚಾತು, ಏನರ ತೆಗೀರಿ ಅಂದ ಅಲ್ಲಿ ಗುಮಾಸ್ತ. ಬೂಟು ಕಳಚಿ ಅವನ ಕೈಯಾಗ ಕೊಟ್ಟೆ." ಹೇಳಿದ್ದು ಅಪ್ಪನಿಗೆ, ನೋಡಿದ್ದು ನನ್ನನ್ನು.

"ಹಡಗು ಇಳದ ಮ್ಯಾಲೆ ಮದ್ರಾಸಿನಾಗ ಬೂಟು ಸಿಗಂಗಿಲ್ಲೇನ್ರಿ?" ಅಂದೆ.

"ಸಿಗ್ತಾವ್ರಿ. ಊರಿಗೆ ಬರೋ ಅವಸರ ಇತ್ತು."

ನನಗೆ ನಾಚಿಕೆಯೂ ಬಂತು, ಕುಣಿಯುವಷ್ಟು ಖುಷಿಯೂ ಆಯಿತು. ಅಪ್ಪ ಮಾತ್ರ ಜಗ್ಗಲಿಲ್ಲ. "ಮತ್ತ ಮಾರಿ ಯಾಕ ಇಳದೈತಿ?"

ಕರಿಬಸಪ್ಪ ಕಿಸೆಯಿಂದ ವಿಮಾನದವರು ಕೊಟ್ಟ ಚೀಟಿ ತೆಗೆದರು. ಬೂಟಿಲ್ಲದ ತೂಕ, ನೂರಾ ಮೂವತ್ತೆರಡು ಪೌಂಡು. "ಇಂಥಾ ಆಳು ಬ್ಯಾನಿಯವ ಆಗಿರ್ತಾನೇನ್ರಿ?"

"ಹತ್ತು ಹಂಗಾದ್ರ" ಎಂದು ಅಪ್ಪ ಮಿಲ್ಲಿನ ತೂಕದ ಯಂತ್ರ ತೋರಿಸಿದ.

ಚಪ್ಪಲಿ ಬಿಟ್ಟು ಹತ್ತಿದರು. ಮುಳ್ಳು ಬಂದು ನೂರಾ ಇಪ್ಪತ್ತನಾಲ್ಕಕ್ಕೆ ನಿಂತಿತು.

"ಎಂಟು ಪೌಂಡು ಕಡಿಮಿ! ಬ್ಯಾನಿ ಇಲ್ಲಂದ್ರ ಇದೆಲ್ಲಿಗೆ ಹೋತು?"

ಕರಿಬಸಪ್ಪ ಕೆಳಗಿಳಿಯಲಿಲ್ಲ. ನೆಲ ನೋಡುತ್ತಾ ಅಂದರು, "ನೀವು ಒಲ್ಲೆ ಅಂತ ಹೇಳಿ ಕಳಿಸಿದಾಗಿಂದ ಅನ್ನ ಸೇರವಲ್ದ್ರಿ."

ಮಿಲ್ಲಿನವರೆಲ್ಲ ಕೆಲಸ ಬಿಟ್ಟು ನಿಂತಿದ್ದರು. ಅಪ್ಪ ಬಗ್ಗಿ ಮುಳ್ಳನ್ನು ಇನ್ನೊಮ್ಮೆ ನೋಡಿದ. ನಾನು ತಡೆಯಲಿಲ್ಲ. ಪೆಟ್ಟಿಗೆ ಅವುಚಿಕೊಂಡು ಯಂತ್ರದ ಮೇಲೆ ಒಂದು ಕಾಲಿಟ್ಟೆ.

"ಅಪ್ಪಾ, ಈ ಬ್ಯಾನಿ ನನಗೂ ಐತಿ. ಬೇಕಂದ್ರ ನನ್ನೂ ತೂಗು."

ಅಪ್ಪ ಕೆಮ್ಮಿದ, ರುಮಾಲು ಸರಿ ಮಾಡಿಕೊಂಡ. "ಇಳೀ, ಹಾಲವ್ವ. ಮಂದಿ ನಗಾಕತ್ತಾರ." ಆಮೇಲೆ ಅವರ ಕಡೆ ತಿರುಗಿದ. "ಸೋಮವಾರ ಹಿರ್ಯಾರನ್ನ ಕರ್ಕೊಂಡು ವೀಳ್ಯಕ್ಕ ಬರ್ರಿ. ಬರಿಗಾಲಿಲೆ ಬರಬ್ಯಾಡ್ರಿ ಮತ್ತ!"

ಲಗ್ನವಾಗಿ ಈಗ ಹತ್ತು ವರ್ಷ. ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ, ಅವರ ಹೆಸರನ್ನು ಬಾಯ್ತುಂಬ ಹೇಳಿದ್ದು ಇವತ್ತು ಈ ಕತೆ ಹೇಳುವಾಗಲೇ. ಪಡಸಾಲೆಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡು ನಗುತ್ತಿದ್ದಾರೆ, ಇನ್ನೊಮ್ಮೆ ಹೇಳು ಅನ್ನುತ್ತಿದ್ದಾರೆ.