ಮಕ್ಕಳ ನಿಲಯದ ಹನ್ನೊಂದು ಬಣ್ಣದ ಡಬ್ಬಿಗಳು

ಮಂಗಳವಾರ ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಯೊಳಗೆ ಒಬ್ಬರಲ್ಲ ಇಬ್ಬರಲ್ಲ, ಹದಿನಾಲ್ಕು ಮಂದಿ ಬಂದು ನಿಂತರು. ಎಲ್ಲರಿಗೂ ಒಂದೇ ಬಗೆಯ ನೀಲಿ ಅಂಗಿ, ಎಲ್ಲರ ಮೂಗೂ ಬಿಸಿಲಿಗೆ ಸುಲಿದಿತ್ತು. ಹೊರದೇಶದ ಚರ್ಚೊಂದರ ಯುವಜನರ ತಂಡ ಅದು. ಊರಿನ ಮಕ್ಕಳ ನಿಲಯಕ್ಕೆ ಬಣ್ಣ ಬಳಿದುಕೊಡಲು ಹತ್ತು ದಿನದ ಸೇವಾಯಾತ್ರೆಯ ಮೇಲೆ ಬಂದಿತ್ತು. ಠಾಣೆಯಲ್ಲಿ ಕುರ್ಚಿಗಳು ಮೂರೇ ಇದ್ದುದರಿಂದ, ಯಾರನ್ನು ಕೂರಿಸಿ ಯಾರನ್ನು ಬಿಡುವುದು ಎಂದು ತೋಚದೆ ಇನ್ಸ್‌ಪೆಕ್ಟರಮ್ಮ ತಾವೂ ಎದ್ದು ನಿಂತರು.

ತಂಡದ ಮುಂದಾಳು ಇಪ್ಪತ್ತೆರಡರ ಹುಡುಗಿ. ಆರು ತಿಂಗಳು ಕಷ್ಟಪಟ್ಟು ಇಲ್ಲಿಯ ಭಾಷೆ ಕಲಿತು ಬಂದಿದ್ದಳು. ಮರ್ಯಾದೆ ಕೊಟ್ಟು ಮಾತಾಡಬೇಕೆಂದು ಯಾರೋ ಹೇಳಿಕೊಟ್ಟಿದ್ದರು, ಅವಳು ಅದನ್ನು ಕಂಡಕಂಡದ್ದಕ್ಕೆಲ್ಲ ಹಂಚುತ್ತಿದ್ದಳು.

"ಬಣ್ಣದವರು ಇಲ್ಲ. ನಿನ್ನೆ ಸಂಜೆ ಆರು ಗಂಟೆಗೆ ಇದ್ದರು. ಹನ್ನೊಂದು ಡಬ್ಬಿಯವರು."

"ಕಾಣೆಯಾದವರ ಪಟ್ಟಿಗೆ ಸೇರಿಸೋದಾ ಮೇಡಂ, ಕಳವಿನ ಪಟ್ಟಿಗಾ?" ಎಂದ ಹೆಡ್ ಕಾನ್‌ಸ್ಟೇಬಲ್. ಕೆಮ್ಮಿದರೂ ಎಷ್ಟು ಗಂಟೆಗೆ ಕೆಮ್ಮಿದೆ ಎಂದು ಬರೆದಿಡುವ ಮನುಷ್ಯನಾದ್ದರಿಂದ ಠಾಣೆಯಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು.

"ತಲೆಹರಟೆ ಬೇಡ, ಬರ್ಕೊಳ್ಳಿ."

ಶನಿವಾರ ತಂಡದ ವಿಮಾನ. ಅಷ್ಟರೊಳಗೆ ಪಡಸಾಲೆ ಗೋಡೆ ಮುಗಿಯಬೇಕಿತ್ತು. ಒಂಬತ್ತು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ನಿಲಯದ ಉಗ್ರಾಣಕ್ಕೆ ಒಂದೇ ಬಾಗಿಲು. ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಸ್ಥಳ ಪರಿಶೀಲನೆಗೆ ಸಾಕ್ಷಿಯಾಗುವ ಪಂಚರಾಗಿ ಎದುರಂಗಡಿಯ ದರ್ಜಿಯನ್ನೂ ಪೇಪರ್ ಮಾರುವವನನ್ನೂ ಕರೆಸಲಾಯಿತು. ನಿಲಯದ ಮೇಲ್ವಿಚಾರಕರು ಕೈ ಹೊಸಕುತ್ತ ಹಿಂದೆಮುಂದೆ ಸುಳಿದರು.

"ಮೇಡಂ, ಇವರು ಮುನಿಸ್ಕೊಂಡು ಹೋದ್ರೆ ಮುಂದಿನ ವರ್ಷ ಯಾರೂ ಬರಲ್ಲ. ಪ್ರತಿ ವರ್ಷ ಒಂದು ತಂಡ ಬರುತ್ತೆ."

"ಬಂದು?"

"ಪಡಸಾಲೆಗೆ ಬಣ್ಣ ಬಳೀತಾರೆ."

"ಪ್ರತಿ ವರ್ಷ ಅದೇ ಗೋಡೆಗಾ?"

"ಅಲ್ಲಿ ಬೆಳಕು ಚೆನ್ನಾಗಿದೆ ಮೇಡಂ. ಫೋಟೋ ಚೆನ್ನಾಗಿ ಬರುತ್ತೆ."

"ಬೀಗದ ಕೈ ಯಾರ್ ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಮಕ್ಕಳನ್ನ ನೋಡ್ಕೊಳ್ಳೋ ಆಯಮ್ಮನ ಹತ್ರ ಒಂದು."

ಊಟದ ಹಾಲಿನ ಗೋಡೆ ಪಕ್ಕ ಕಂಬಳಿ ಹೊದಿಸಿದ ಉದ್ದನೆಯ ಬೆಂಚೊಂದಿತ್ತು. ಗಡಿಯಾರ ಅದರ ಮೇಲೆ ಕುಳಿತು, ಆಚೆಗೊಬ್ಬ ಈಚೆಗೊಬ್ಬ ಪಂಚರನ್ನು ಕೂರಿಸಿಕೊಂಡು ಪಂಚನಾಮೆ ಬರೆದ: 'ಕಳವಾದ ಮಾಲು ಸ್ಥಳದಲ್ಲಿ ಪತ್ತೆಯಾಗಿರುವುದಿಲ್ಲ.' ಮೂವರೂ ಸಹಿ ಹಾಕಿದಾಗ ಹತ್ತು ಇಪ್ಪತ್ತೈದು.

ಇನ್ಸ್‌ಪೆಕ್ಟರಮ್ಮ ಮಾತ್ರ ಕೂತಿರಲಿಲ್ಲ. ಉಗ್ರಾಣದ ಹೊಸಿಲಿನಿಂದ ನೆಲದ ಮೇಲೆ ಜೋಡಿ ಗೆರೆ ಹೊರಟಿತ್ತು, ಚಿಕ್ಕ ಚಕ್ರದ್ದು. ಅದರ ಹಿಂದೆಯೇ ನಡೆದುಕೊಂಡು ಬಂದರು. ಗೆರೆ ಪಡಸಾಲೆ ದಾಟಿ ಊಟದ ಹಾಲಿಗೆ ಬಂದು, ಗಡಿಯಾರನ ಬೂಟಿನ ಹತ್ತಿರ ನಿಂತುಬಿಟ್ಟಿತು.

"ಏಳ್ರಿ ಮೇಲೆ."

ಕಂಬಳಿ ಎತ್ತಿದರು. ಕೆಳಗೆ ಎರಡು ಹಲಗೆ, ಹಲಗೆಯ ಕೆಳಗೆ ಹನ್ನೊಂದು ಡಬ್ಬಿ. ಗಡಿಯಾರ ಇಂಗು ತಿಂದ ಮಂಗನಂತೆ ನಿಂತ. ದರ್ಜಿಗೆ ಬೇರೆಯೇ ಚಿಂತೆ ಹತ್ತಿತು.

"ಸಾರ್, ಆಗಲೇ ಸಹಿ ಹಾಕಿದ್ವಲ್ಲ, ಅದು ಸುಳ್ಳಾಗಲ್ವಾ?"

"ಅದೂ ನಿಜಾನೇ. ಆಗ ಪತ್ತೆಯಾಗಿರ್ಲಿಲ್ಲ," ಎಂದು ಗಡಿಯಾರ ಎರಡನೇ ಪಂಚನಾಮೆಗೆ ಹಾಳೆ ತೆಗೆದ, ಈ ಸಲ ನಿಂತುಕೊಂಡೇ.

ಆಯಮ್ಮ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅರವತ್ತು ದಾಟಿದ ಸಣಕಲು ಜೀವ.

"ಡಬ್ಬಿ ಸಾಗಿಸಿದ್ದು ಯಾರಮ್ಮಾ?"

"ನಾನೇ."

"ಒಬ್ರೇನಾ? ಒಂದೊಂದು ಇಪ್ಪತ್ತು ಲೀಟರ್."

"ಸಿಲಿಂಡರ್ ಎಳೆಯೋ ಗಾಡಿ ಇದೆಯಲ್ಲ."

"ಯಾವಾಗ?"

"ಬೆಳಗ್ಗೆ ಐದೂವರೆಗೆ. ಮಕ್ಕಳನ್ನ ಎಬ್ಬಿಸೋಕೆ ಮುಂಚೆ."

"ಮಾರೋಕಾ?"

"ಅಯ್ಯೋ, ಆ ಬಣ್ಣಾನ ಪುಕ್ಕಟೆ ಕೊಟ್ರೂ ಯಾರು ತಗೋತಾರೆ? ಶನಿವಾರ ಅವರು ಹೋದ ಮೇಲೆ ವಾಪಸ್ ಇಡ್ತಿದ್ದೆ."

"ಮತ್ತೆ ಯಾಕೆ?"

ಆಯಮ್ಮ ಇನ್ನೊಂದು ತಟ್ಟೆ ಎತ್ತಿಕೊಂಡಳು. ಬಾಗಿಲಲ್ಲಿದ್ದ ಮೇಲ್ವಿಚಾರಕರು ಸಿಡಿದರು. "ಹದಿನೆಂಟು ವರ್ಷ ಅನ್ನ ಹಾಕಿದ ಜಾಗದಲ್ಲಿ ಕಳ್ಳತನಾನಾ? ನಾಳೆಯಿಂದ ಈ ಕಡೆ ಬರಬೇಡ."

ತಟ್ಟೆ ತೊಳೆಯುತ್ತಿದ್ದ ಕೈ ನಿಂತಿತು. "ಬರದೇ ಇದ್ರೆ ಮಕ್ಕಳನ್ನ ಯಾರು ಎಬ್ಬಿಸ್ತಾರೆ?" ಎಂದಳು ಆಯಮ್ಮ. ಕೇಸು, ಜೈಲು ಎಂಬುದೊಂದೂ ಅವಳ ಮುಖದಲ್ಲಿರಲಿಲ್ಲ, ಭಯವೆಲ್ಲ ಅದೊಂದರದ್ದೇ ಆಗಿತ್ತು.

ಇನ್ಸ್‌ಪೆಕ್ಟರಮ್ಮ ಪಡಸಾಲೆಗೆ ಹೋಗಿ ಆ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೊಣಕಾಲಿನ ಎತ್ತರದಿಂದ ಭುಜದವರೆಗೆ ಪೆನ್ಸಿಲಿನ ಗೀಟುಗಳು. ಓದು ಬಾರದ ಮಕ್ಕಳಿಗೂ ತಿಳಿಯಲೆಂದು ಪ್ರತಿ ಗೀಟಿನ ಪಕ್ಕ ಒಂದೊಂದು ಪುಟ್ಟ ಚಿತ್ರ: ಕೊಡೆ, ಮೀನು, ಚಮಚ. ಕೊಡೆಗೆ ನಾಲ್ಕು ಬೆರಳಿನೊಳಗೇ ಆರು ಗೀಟು, ಒಂದರ ಮೇಲೊಂದು. ಚಮಚಕ್ಕೆ ಎರಡೇ. ಅಡುಗೆಮನೆಯಿಂದ ಆಯಮ್ಮನೂ ಬಂದಳು.

"ಯಾರ್ಯಾರು ಎಷ್ಟೆಷ್ಟು ಎತ್ತರ ಆದ್ರು ಅಂತ ನೀವೇ ಅಳೆದು ಗುರುತು ಹಾಕಿದ್ದಾ?"

"ಹೂಂ."

"ಒಂದು ವರ್ಷದ್ದೇ ಇದೆ. ಹಳೇದೆಲ್ಲ?"

"ಒಳಗಿದೆ. ವರ್ಷಕ್ಕೊಂದು ಪದರ ಬಣ್ಣ." ಆಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಪ್ರತಿ ಸಲ ಮತ್ತೆ ಮೊದಲಿಂದ ಹಾಕ್ತಿದ್ದೆ. ಹೋದ ವರ್ಷ ಬಣ್ಣ ಒಣಗಿದ ಮಾರನೇ ದಿನ ನಮ್ಮ ಚಿಕ್ಕವಳು ಇಲ್ಲಿ ಬಂದು ನಿಂತು, ಆಯಮ್ಮಾ ನಾನೆಲ್ಲಿ ಹೋದೆ ಅಂತ ಕೇಳಿದ್ಲು. ನೀನು ಇಷ್ಟೇ ಇಷ್ಟಿದ್ದೆ ಅಂತ ಹೇಳೋಕೆ ಬೇರೆ ಮಕ್ಕಳಿಗೆ ಮನೇಲಿ ಜನ ಇರ್ತಾರೆ. ಇವಕ್ಕೆ ಯಾರಿದಾರೆ?"

"ಬಳೀಬೇಡಿ ಅಂತ ಹೇಳಬಹುದಿತ್ತಲ್ಲ?"

"ಅಷ್ಟು ದೂರದಿಂದ ಬಂದಿದಾವೆ. ಒಳ್ಳೇ ಮಕ್ಕಳಮ್ಮಾ, ದಿನಾ ನನ್ನ ಜೊತೆ ಪಾತ್ರೆ ಉಜ್ಜುತ್ವೆ. ಯಾವ ಬಾಯಲ್ಲಿ ಬೇಡ ಅನ್ನಲಿ?"

ಮುಂದಾಳು ಹುಡುಗಿ ಹಿಂದೆಯೇ ನಿಂತಿದ್ದಳು. ಎಷ್ಟು ಅರ್ಥವಾಯಿತೋ, ಕಣ್ಣು ಮಾತ್ರ ತುಂಬಿಕೊಂಡವು. ದೂರನ್ನು ಹರಿದುಹಾಕಿ ಎಂದಳು. ಎಫ್‌ಐಆರ್ ಒಮ್ಮೆ ದಾಖಲಾದರೆ ಹರಿಯುವ ಅಧಿಕಾರ ಠಾಣೆಗಿಲ್ಲ, ನ್ಯಾಯಾಲಯದಲ್ಲೇ ಹೇಳಬೇಕು ಎಂದು ಇನ್ಸ್‌ಪೆಕ್ಟರಮ್ಮ ವಿವರಿಸಿದರು. ಆಗ ಹುಡುಗಿ ಆಯಮ್ಮನ ಕೈ ಹಿಡಿದು, "ನಾವು ಕೇಳಲಿಲ್ಲ. ಈಗ ಕೇಳುತ್ತೇವೆ. ಇಲ್ಲಿ ಏನು ಬೇಕು?" ಎಂದಳು.

ಅಂಥ ಪ್ರಶ್ನೆಯ ಅಭ್ಯಾಸವಿಲ್ಲದ ಆಯಮ್ಮ ಬಚ್ಚಲ ಕಡೆ ಕೈ ತೋರಿಸಿದಳು. "ಬಚ್ಚಲ ಬಾಗಿಲಿಗೆ ಅಗಳಿ ಇಲ್ಲ. ದೊಡ್ಡ ಹುಡುಗೀರು ಸ್ನಾನಕ್ಕೆ ಹೋದಾಗೆಲ್ಲ ನಾನು ಹೊರಗೆ ಕಾವಲು ನಿಲ್ಲಬೇಕು."

ಹತ್ತೇ ನಿಮಿಷದಲ್ಲಿ ಒಂದು ಅಗಳಿಯ ಸುತ್ತ ಹದಿನಾಲ್ಕು ಜನ ಸೇರಿದ್ದರು.

ಮಕ್ಕಳ ಊಟ ಮುಗಿಯುವ ತನಕ ಕಾದು, ಒಂದು ಐವತ್ತಕ್ಕೆ ಇನ್ಸ್‌ಪೆಕ್ಟರಮ್ಮ ಆಯಮ್ಮನನ್ನು ಬಂಧಿಸಿದರು. ಕಾನೂನು ಎಂದಮೇಲೆ ಮಾಡಲೇಬೇಕು. ಜಾಮೀನು ನಿಲ್ಲಲೆಂದು ಮೇಲ್ವಿಚಾರಕರನ್ನೂ ಠಾಣೆಗೆ ಕರೆದೊಯ್ದರು. ಗಡಿಯಾರ ಬಂಧನದ ಪತ್ರ ತುಂಬುತ್ತ ಒಂದು ಕಾಲಮಿಗೆ ಬಂದು ತಲೆ ಎತ್ತಿದ.

"ಬಂಧನದ ವಿಷಯ ಯಾರಿಗೆ ತಿಳಿಸಬೇಕು? ಹತ್ತಿರದ ಸಂಬಂಧಿಕರ ಹೆಸರು ಹೇಳಿ."

"ಮೂವತ್ತೊಂದು ಜನ ಇದಾರಲ್ಲಪ್ಪಾ. ಒಬ್ಬರನ್ನ ಬರೆದು ಒಬ್ಬರನ್ನ ಬಿಟ್ರೆ ಅಳ್ತಾವೆ."

ಗಡಿಯಾರ ಇನ್ಸ್‌ಪೆಕ್ಟರಮ್ಮನ ಮುಖ ನೋಡಿದ.

"ಎಲ್ಲಾ ಬರೀರಿ," ಎಂದರು ಅವರು.

ಕಾಲಮು ಎರಡು ಬೆರಳಿನಷ್ಟು ಅಗಲ. ಆಯಮ್ಮ ಒಂದೊಂದೇ ಹೆಸರು ಹೇಳುತ್ತ ಹೋದಳು: ಇವನಿಗೆ ಹಾಲು ಆಗಿಬರಲ್ಲ, ಇವಳು ಕತ್ತಲಿಗೆ ಹೆದರ್ತಾಳೆ, ಇವನದು ಹಲ್ಲು ಅಲ್ಲಾಡ್ತಿದೆ. ಎರಡು ಮೂವತ್ತೈದಕ್ಕೆ ಹೆಚ್ಚುವರಿ ಹಾಳೆಯೊಂದನ್ನು ಲಗತ್ತಿಸಬೇಕಾಯಿತು. ಜಾಮೀನಿಗೆ ಸಹಿ ಹಾಕಬೇಕಾದ ಮೇಲ್ವಿಚಾರಕರು ಆ ಹಾಳೆಯನ್ನು ಎರಡು ಸಲ ಓದಿದರು. ಸಹಿ ಹಾಕಿ, "ಬೆಳಗ್ಗೆ ಐದೂವರೆಗೆ ಗೇಟು ತೆಗೆದಿರ್ತೀನಿ, ಬಾ ಆಯಮ್ಮ," ಎಂದು ಕನ್ನಡಕ ಒರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಇನ್ಸ್‌ಪೆಕ್ಟರಮ್ಮ ಕೇಸ್ ಡೈರಿ ತೆರೆದರು. 'ಕೃತ್ಯಕ್ಕೆ ಕಾರಣ' ಎಂಬಲ್ಲಿ ಅವರು ಬರೆದರು: 'ಲಗತ್ತಿಸಿದ ಹಾಳೆ ನೋಡಿ.'