ಅಕ್ಷತೆ ಬಿದ್ದ ಹಾಗೆ

"ಇವೇನ್ರಿ, ಸಾಲಿ ಪ್ರಾರ್ಥನಾಕ್ಕ ನಿಂತಂಗ ನಿಂತಾವ?"

ಭಕ್ತಿ ಕಂಪ್ಯೂಟರಿನ ಪರದೆಯ ಮೇಲಿದ್ದ ಬಿಳಿ ಚುಕ್ಕೆಗಳನ್ನು ತೋರಿಸಿ ಕೇಳಿದಳು. ನಾಗೇಶ ಕುರ್ಚಿಯಲ್ಲೇ ಅರ್ಧ ತಿರುಗಿದ. ಸೊಲ್ಲಾಪುರದ ಆ ಚಾದರ ಕಾರ್ಖಾನೆಯ ಡಿಸೈನ್ ಕೋಣೆಗೆ ಅವನು ಬಂದು ವಾರವೂ ಆಗಿರಲಿಲ್ಲ. ಪ್ರೋಗ್ರಾಂ ಬರೆಯುವ ಹುಡುಗ, ಮಾತು ಕಡಿಮೆ ಎಂದಷ್ಟೇ ಅವಳು ಕೇಳಿದ್ದಳು.

"ಚುಕ್ಕಿ ಬೇಕು ಅಂದಿದ್ರಿ. ರೇಂಜ್ ಹಾಕೀನಿ. ಸೊನ್ನಿ, ಹತ್ತು, ಇಪ್ಪತ್ತು, ಮೂವತ್ತು. ಒಂದೂ ಸಾಲ ತಪ್ಪಂಗಿಲ್ಲ."

"ಅದಽ ತ್ರಾಸ. ಲಗ್ನದಾಗ ಅಕ್ಷತಾ ಹಿಂಗ ಬೀಳ್ತಾವೇನ್ರಿ? ಮಂದಿ ಪಟ್ಟಿ ಹಿಡದು ಅಳದು ಒಗೀತಾರೇನು?"

ಅವನು ಮೊದಲ ಸಲ ಅವಳ ಮುಖ ನೋಡಿದ. ನೋಡಿದ್ದು ಸ್ವಲ್ಪ ಹೆಚ್ಚೇ ಆಯಿತೆಂದು ತಿಳಿದು ಪರದೆಯ ಕಡೆಗೆ ಮರಳಿದ.

ಕುಂಭಾರಿಯಿಂದ ದಿನಾ ಬಸ್ಸಿಗೆ ಬರುವ ಭಕ್ತಿ ಆವರೆಗೆ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಊಟದ ಹೊತ್ತಿನಲ್ಲಿ ರಟ್ಟಿನ ಡಬ್ಬಿಗಳ ಮೇಲೆ ಅವಳು ಬಿಡಿಸುತ್ತಿದ್ದ ಚಿತ್ರಗಳು ಮಾಲಕ ಧನರಾಜ ಶೇಟರ ಕಣ್ಣಿಗೆ ಬಿದ್ದಿದ್ದವು. "ಒಂದ ಡಿಸೈನ್ ಮಾಡಿ ತೋರಸು," ಎಂದಿದ್ದರು ಶೇಟರು. "ಆರ್ಡರ್ ಬಂತಂದ್ರ ನಿನಗೊಂದು ಟೇಬಲ್. ಇಲ್ಲಾಂದ್ರ ಪರತ ಪ್ಯಾಕಿಂಗ್."

ಮದುವೆಯಲ್ಲಿ ಆಹೇರಿನ ಉಡುಗೊರೆಯಾಗಿ ಕೊಡುವ ಚಾದರ ಅವಳ ಮನಸ್ಸಿನಲ್ಲಿತ್ತು. ಕುಂಕುಮದ ಬಣ್ಣದ ಮೇಲೆ ಈಗಷ್ಟೇ ಬಿದ್ದ ಅಕ್ಷತೆ.

"ಹಂಗಾದ್ರ ರ್ಯಾಂಡಮ್ ಬೇಕು," ಎಂದ ನಾಗೇಶ. "ಯಾವ ಅಂಕಿ ಬರ್ತಾವ ನನಗೂ ಗೊತ್ತಿರಂಗಿಲ್ಲ."

ಅವಳು ಅವನ ಕುರ್ಚಿಯ ಹಿಂದೆ ಬಂದು ಬಗ್ಗಿ ನೋಡಿದಳು. ಅವಳ ಓಢಣಿಯ ಚುಂಗು ಜಾರಿ ಕೀಬೋರ್ಡಿನ ಮೇಲೆ ಬಿತ್ತು. ಅವನು ಅದನ್ನು ಸರಿಸಲಿಲ್ಲ. ಅದರ ಸುತ್ತಲೇ ಬೆರಳಾಡಿಸಿ ಟೈಪ್ ಮಾಡಿದ. ಅವಳಿಗೆ ಒಳಗೊಳಗೇ ನಗು ಬಂತು. ಅವಳೂ ಸರಿಸಲಿಲ್ಲ.

ಪರದೆಯ ಮೇಲೆ ಚುಕ್ಕೆಗಳು ಚೆಲ್ಲಿದವು. ಒಂದು ಕಡೆ ಗುಂಪು, ಒಂದು ಕಡೆ ಬಯಲು. ಮೂಲೆಯಲ್ಲಿ ಎರಡು ಚುಕ್ಕೆಗಳು ಒಂದಕ್ಕೊಂದು ಆತುಕೊಂಡಿದ್ದವು.

"ಅಯ್ಯ, ಇವೆರಡು ನೋಡ್ರಿ."

"ಬ್ಯಾರೆ ಬ್ಯಾರೆ ಮಾಡ್ಲೇನು? ಯಾರೂ ನಿಲ್ಲಸಿದ್ದಲ್ಲ, ರ್ಯಾಂಡಮ್."

"ಇರವಲ್ದ್ಯಾಕ, ಬಿಡ್ರಿ. ಚಲೋ ಕಾಣ್ತಾವ."

ಮಗ್ಗದಿಂದ ಬಂದ ಮೊದಲ ತುಣುಕಿನ ಅಂಚಿನಲ್ಲಿ ನೇಯ್ಗೆ ತಪ್ಪಿತ್ತು. ಅದು ಸೆಕೆಂಡ್ಸ್ ಮಾಲಿನ ರಾಶಿಗೆ ಹೋಯಿತು. ಅದೇ ಡಿಸೈನಿನ ಎರಡನೆಯದನ್ನು ದಿಲ್ಲಿಯ ವ್ಯಾಪಾರಿ ನಮೂನೆಯಾಗಿ ಕೊಂಡೊಯ್ದ. ಆಮೇಲಿನ ದಿನಗಳು ಚಹಾದ ಜೊತೆ ಸರಿದವು. "ನಿಮ್ಮ ಸಾಲಿನ ಹುಡುಗ್ರು ಆರಾಮ ಅದಾರೇನ್ರಿ?" ಎಂದು ಅವಳು ರೇಂಜ್ ಚುಕ್ಕೆಗಳ ನೆನಪು ತೆಗೆದು ಕಾಡುವಳು. "ಇವತ್ತ ಸೂಟಿ ಕೊಟ್ಟೀನಿ," ಎಂದು ಅವನು ಕಪ್ಪಿನೊಳಗೆ ನೋಡುತ್ತ ನಗುವನು. ಅವನು ನಕ್ಕರೆ ಎಡಗೆನ್ನೆ ಮೊದಲು ನಗುತ್ತಿತ್ತು. ಅದನ್ನು ಕಂಡುಹಿಡಿದವಳು ತಾನೊಬ್ಬಳೇ ಎಂದು ಭಕ್ತಿ ನಂಬಿದ್ದಳು.

ಒಂದು ಬೆಳಿಗ್ಗೆ ಧನರಾಜ ಶೇಟರು ಫೋನು ಹಿಡಿದೇ ಒಳಗೆ ಬಂದರು. "ಪಾಸ್ ಆತವ್ವ ನಿನ್ನ ಅಕ್ಷತಾ. ಅವರ ಕ್ಯಾಟಲಾಗಿನಾಗ ಹಾಕ್ಯಾರ. ಅದ್ರಂಗಽ ಬೇಕಂತ, ಒಂದ ಚುಕ್ಕಿ ಆಚಿ ಈಚಿ ನಡಿಯಂಗಿಲ್ಲ. ನಾಳಿ ಮಗ್ಗಕ್ಕ ಏರಸೂಣು."

ಅವಳು ನಗುತ್ತ ನಾಗೇಶನ ಕಡೆ ತಿರುಗಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ.

ಶೇಟರು ಹೋದ ಮೇಲೆ ಅವನು ಪ್ರೋಗ್ರಾಂ ಓಡಿಸಿದ. ಚುಕ್ಕೆಗಳು ಬೇರೆಲ್ಲೋ ಬಿದ್ದವು. ಮತ್ತೆ ಓಡಿಸಿದ. ಮತ್ತೆಲ್ಲೋ.

"ಹಳೇದು ಎಲ್ಲಿ?"

"ರ್ಯಾಂಡಮ್ ಅಂದ್ರ ಪ್ರತಿ ಸಲ ಹೊಸಾ ಅಂಕಿ. ಅವೇ ಅಂಕಿ ಪರತ ಬೇಕಂದ್ರ ಶುರೂದಾಗ ಒಂದ ನಂಬರ್ ಕಟ್ಟಿ ಇಡಬೇಕು, ಸೀಡ್ ಅಂತಾರ. ನಾ ಇಡಲಿಲ್ಲ. ಸಾಲದ್ದಕ್ಕ ಅದೇ ಹೆಸರಿನ ಮ್ಯಾಲ ಬ್ಯಾರೆ ಸ್ಯಾಂಪಲ್ ಸೇವ್ ಮಾಡೀನಿ. ಮಗ್ಗದಾಗೂ ಅದಽ ಕುಂತೈತಿ."

ಕ್ಯಾಟಲಾಗಿನ ಫೋಟೋದಲ್ಲಿ ಚಾದರ ಮಡಿಚಿಟ್ಟಿದ್ದರಿಂದ ಎಲ್ಲ ಚುಕ್ಕೆ ಕಾಣುತ್ತಿರಲಿಲ್ಲ. ಡಿಸೈನ್ ಕಳೆದುಹೋಯಿತು, ನಿಮ್ಮ ತುಣುಕು ವಾಪಸ್ ಕೊಡಿ ಎಂದು ವ್ಯಾಪಾರಿಯನ್ನು ಕೇಳಿದರೆ ಆರ್ಡರ್ ಉಳಿಯುತ್ತಿರಲಿಲ್ಲ. ಭಕ್ತಿಗೆ ಪ್ಯಾಕಿಂಗ್ ಕೋಣೆಯ ಟೇಪಿನ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ನಾಳೆಯಿಂದ ಮತ್ತೆ ಅದೇ ಟೇಪು, ಅದೇ ಡಬ್ಬಿ.

"ಹೋತಲ್ಲ," ಎಂದಳು ಮೆಲ್ಲಗೆ.

ನಾಗೇಶ ನೆಲ ನೋಡಿದ. "ಒಂದೈತಿ," ಎಂದ.

"ಎಲ್ಲಿ?"

"ತಡವಳದಾಗ. ನಮ್ಮ ಮನ್ಯಾಗ. ಆ ಸೆಕೆಂಡ್ಸ್ ತುಕಡಾ ನಾ ತಗೊಂಡೋಗಿದ್ದೆ."

"ಯಾಕ್ರಿ?"

ಅವನ ಕಿವಿ ಕೆಂಪಾದವು. "ಬೈಕ್ ತರ್ತೀನಿ," ಎಂದು ಎದ್ದುಹೋದ.

ಬೈಕು ಕುಂಭಾರಿಯ ಬಸ್ ಸ್ಟ್ಯಾಂಡ್ ಹತ್ತಿರ ಬಂದಾಗ ಅವಳು ಓಢಣಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. "ಯಾರರ ನೋಡಿದ್ರ?" ಎಂದ ಅವನು ಗಾಳಿಯಲ್ಲಿ. "ಕೋರಿಯರ್ ಕೊಡೂ ಹೆಣಮಗಳು ಅನ್ಕೋತಾರ," ಎಂದಳು ಅವಳು. "ಮುಂದ ನೋಡಿ ಹೊಡೀರಿ." ಬೈಕಿನ ಕನ್ನಡಿಯಲ್ಲಿ ಅವನ ಎಡಗೆನ್ನೆ ನಕ್ಕಿತು. ಸಿಟ್ಟಿನಲ್ಲಿರಬೇಕಾದವಳು ತಾನು ಎಂಬುದು ಅವಳಿಗೆ ತಡವಾಗಿ ನೆನಪಾಯಿತು.

ನಾಗೇಶನ ತಾಯಿ ಮಲಕಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಹುಡುಗಿಯನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀನಽ ಏನವಾ ಭಕ್ತಿ?"

"ನನ್ನ ಹೆಸರು ಹೆಂಗ ಗೊತ್ತು, ಮಾವಶಿ?"

"ಗೊತ್ತಿರಲಾರ್ದ ಏನು. ಆ ಚಾದರದ ಮ್ಯಾಲ ನಾ ಕುಂತ್ರೂ ಬೈತಾನ. ಮನಿಗೆ ಪಾವಣ್ಯಾರ ಬಂದ್ರೂ ಹಾಸಗೊಡಂಗಿಲ್ಲ. ಒಗದ್ರ ಚುಕ್ಕಿ ಉದರತಾವೇನೋ ಅಂದೆ. 'ಭಕ್ತಿ ಮಾಡಿದ್ದವ್ವಾ' ಅಂದ. ಅದಕ್ಕ ಪೂಜಿ ಮಾಡೂದೊಂದು ಉಳದೈತಿ."

"ಅವ್ವಾ, ಚಹಾ ಇಡು," ಎಂದ ನಾಗೇಶ, ಗೋಡೆಗೆ ಹೇಳುವಂತೆ.

ಪಡಸಾಲೆಯಲ್ಲಿ ಚಾದರ ಹಾಸಿದರು. ಭಕ್ತಿ ಭೂತಗನ್ನಡಿ ಹಿಡಿದು ಎಳೆ ಎಣಿಸಿ ಪ್ರತಿ ಚುಕ್ಕೆಯ ಅಡ್ಡ ಅಂಕಿ, ಉದ್ದ ಅಂಕಿ ಹೇಳುತ್ತ ಹೋದಳು. ಅವನು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿದ. ಯಂತ್ರ ಕಣ್ಣು ಮುಚ್ಚಿ ಎಸೆದದ್ದನ್ನು ಇಬ್ಬರೂ ಒಂದೊಂದಾಗಿ ಆರಿಸಿಕೊಂಡರು. ಚಹಾ ಆರಿತು, ಮಲಕಮ್ಮ ಮತ್ತೆ ಬಿಸಿ ಮಾಡಿ ತಂದಳು, ಅದೂ ಆರಿತು.

ಕೊನೆಗೆ ಮೂಲೆಯ ಆ ಎರಡು ಚುಕ್ಕೆಗಳು ಬಂದವು. ಭಕ್ತಿ ಅಂಕಿ ಹೇಳಲಿಲ್ಲ.

"ಸೀಡ್ ಇಡೂದು ಯಾಕ ಮರತ್ರಿ? ಖರೇ ಹೇಳ್ರಿ."

"ಕೀಬೋರ್ಡ್ ಮ್ಯಾಲ ನಿಮ್ಮ ಓಢಣಿ ಬಿದ್ದಿತ್ತು."

"ಸರಸಬೇಕಿತ್ತು."

"ಸರಸಾಕ ಮನಸಾಗಲಿಲ್ಲ," ಎಂದ. ಈ ಸಲ ಅವನು ನೆಲವನ್ನಲ್ಲ, ಅವಳನ್ನೇ ನೋಡುತ್ತಿದ್ದ. "ಒಂದ ಲೈನ್ ಬಿಟ್ಟೋತು. ನಿಮ್ಮ ಟೇಬಲ್ ನಾನಽ ಕಸಕೊಂಡಂಗ ಆತು. ಮಾಫ್ ಮಾಡ್ರಿ, ಭಕ್ತಿ."

ಆ ಒಂದು ಸಾಲು ಇದ್ದಿದ್ದರೆ ಗುಂಡಿ ಒತ್ತಿದಾಗಲೆಲ್ಲ ಅಕ್ಷತೆ ತನ್ನ ಜಾಗಕ್ಕೆ ಬಂದು ಬೀಳುತ್ತಿತ್ತು. ಈ ಚಾದರ ಈ ಮನೆಯಲ್ಲಿ ಮಡಿಚಿಕೊಂಡೇ ಇರುತ್ತಿತ್ತು. ಮಾತು ಕಡಿಮೆಯ ಈ ಹುಡುಗನೂ ಹಾಗೆಯೇ. ಅವಳ ಎದೆಯಲ್ಲಿ ಏನೋ ತುಂಬಿ ಬಂತು. ಮಲಕಮ್ಮನಿಗೆ, ಆರಿದ ಚಹಾಕ್ಕೆ, ಅಂಚು ತಪ್ಪಿಸಿದ ಮಗ್ಗಕ್ಕೆ, ಯಾರಿಗೆ ಮೊದಲು ಕೈ ಮುಗಿಯುವುದೋ ತಿಳಿಯದಷ್ಟು.

"ನಿಮ್ಮ ತಪ್ಪಿಂದಽ ಉಪಕಾರ ಆತು," ಎಂದಳು. "ಇನ್ನ 'ರಿ' ಬಿಡು. ಅಂಕಿ ಬರ್ಕೊ."

ಚಾದರ ಮಗ್ಗಕ್ಕೇರಿತು. ಟೇಬಲ್ಲೂ ಬಂತು, ಕಿಟಕಿಯ ಪಕ್ಕದ್ದು. ಶೇಟರಿಗೆ ಅವಳು ನಡೆದದ್ದನ್ನೆಲ್ಲ ಹೇಳಿದಳು, ಓಢಣಿಯದೊಂದು ಬಿಟ್ಟು.

ಮುಂದಿನ ಚೈತ್ರದಲ್ಲಿ ಅಕ್ಕಲಕೋಟೆಯ ಮಂಗಲ ಕಾರ್ಯಾಲಯದಲ್ಲಿ ಇಬ್ಬರ ನಡುವಿನ ಅಂತರಪಟ ಸರಿಯಿತು. ಅಕ್ಷತೆ ಬಿತ್ತು: ತಲೆಯ ಮೇಲೆ, ಹೆಗಲ ಮೇಲೆ, ಅರ್ಧಕ್ಕರ್ಧ ನೆಲದ ಮೇಲೆ. ನಾಗೇಶನ ಹುಬ್ಬಿನ ಮೇಲೆ ಎರಡು ಕಾಳು ಒಂದಕ್ಕೊಂದು ಆತುಕೊಂಡು ಕೂತವು. ಅವಳ ಕಣ್ಣು ಅಲ್ಲೇ ನಿಂತದ್ದು ನೋಡಿ ಅವನು ಒರೆಸಿಕೊಳ್ಳಲು ಕೈ ಎತ್ತಿದ.

ಭಕ್ತಿ ಅವನ ಕೈ ಹಿಡಿದಳು.

"ಇರವಲ್ದ್ಯಾಕ," ಎಂದಳು. "ಚಲೋ ಕಾಣ್ತಾವ."