ತಡವಾಗಿ ಬೀಳುವ ಪೆಟ್ಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಆಗ ಒಂದು ಹನಿ ಸೈಡರನ್ನೂ ಕುಡಿದಿರಲಿಲ್ಲ.

ಅಕ್ಟೋಬರಿನ ಒಂದು ಬಿಸಿಲ ಮಧ್ಯಾಹ್ನ. ಅಸ್ತಿಗರ್ರಾಗ ಎಂಬ ಊರಿನ ನಮ್ಮ ಮನೆಯಲ್ಲಿ ಅಮ್ಮ, ಅಣ್ಣ ಉನಾಶ್ ಮತ್ತು ನಾನು ಸೈಡರಿಗೆಂದು, ಅಂದರೆ ಸೇಬಿನ ಮದ್ಯಕ್ಕೆಂದು, ಉದ್ದನೆಯ ಮರದ ತೊಟ್ಟಿಯಲ್ಲಿ ಸೇಬು ಕುಟ್ಟುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲಿನ ಮೊದಲ ಸುಗ್ಗಿ ಅದು. ಸೇಬು ತುಂಬಿದ್ದರೂ ಅವರು ನಿಲ್ಲುತ್ತಿದ್ದ ತುದಿಯಲ್ಲಿ ಯಾರೂ ನಿಂತಿರಲಿಲ್ಲ. ಕುಟ್ಟಿ ಮುಗಿದ ಮೇಲೆ ಮರದ ಹಲಗೆ ಬಡಿದು ನೆರೆಯವರನ್ನು ಕುಡಿಯಲು ಕರೆಯುವುದು ನಮ್ಮಲ್ಲಿನ ರೂಢಿ. "ಈ ಸಲ ಯಾರನ್ನೂ ಕರೆಯೋದು ಬೇಡ. ನಿಮ್ಮಪ್ಪ ತುಂಬಿಟ್ಟ ಪೀಪಾಯಿ ತೆಗೆಯೋಕೆ ನನಗೆ ಮನಸ್ಸಿಲ್ಲ" ಎಂದಿದ್ದಳು ಅಮ್ಮ.

ಮೂರು ಒನಕೆಗಳ ತಾಳ ಚೆನ್ನಾಗಿ ಕೂತಿತ್ತು. ಆದರೆ ಪ್ರತಿ ಸುತ್ತಿನ ಕೊನೆಗೆ, ಕೊಂಚ ತಡವಾಗಿ, ಇನ್ನೊಂದು ಪೆಟ್ಟು.

"ತಡ ಮಾಡ್ತಿರೋದು ನೀನೇನೋ, ಉನಾಶ್?"

"ನಾನಲ್ಲಮ್ಮಾ!"

ಮೂವರೂ ಒನಕೆ ಎತ್ತಿ ಹಿಡಿದು ನಿಂತೆವು. ದೊಪ್ಪೆಂದು ಇನ್ನೊಂದು ಪೆಟ್ಟು ಬಿತ್ತು.

ಅಮ್ಮ ಬಿಳಿಚಿಕೊಂಡಳು. ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸತ್ತ ಮೇಲೂ ತಾಳ ಕಲೀಲಿಲ್ವಲ್ಲೋ ಮಹಾರಾಯ! ಮಕ್ಕಳೇ, ಹಲಗೆ ಬಡೀರಿ. ಪೀಪಾಯಿ ತೆಗೆಯೋಣ!"

ಹಲಗೆಯ ಸದ್ದಿಗೆ ಪಕ್ಕದ ತೋಟದ ಪ್ರುದೆಂತ್ಸಿ ಮೀನಿನ ಆಮ್ಲೆಟ್ ಹೊತ್ತು ಓಡಿ ಬಂದಳು. ಎರಡು ಗ್ಲಾಸು ಇಳಿಸಿ, ಅಪ್ಪ ನಿಲ್ಲುತ್ತಿದ್ದ ತೊಟ್ಟಿಯ ತುದಿಗೆ ಬಗ್ಗಿದಳು.

"ಅಬ್ಬಾ, ಇಲ್ಲಿ ಕುಟ್ಟಿದ್ದು ಯಾರೇ? ಸೇಬೆಲ್ಲಾ ಹದವಾಗಿ ಜಜ್ಜಿದೆ, ಒಂದು ಬೀಜಾನೂ ಒಡೆದಿಲ್ಲ!"

ಆ ತುದಿಯ ಸೇಬಿಗೆ ನಾವು ಮೂವರೂ ಇನ್ನೂ ಒನಕೆ ತಾಗಿಸಿರಲಿಲ್ಲ.